ಬರ್ತೆ ಎಂದವರ ಭಾನುವಾರ

ಕನ್ನಡದಲ್ಲಿ ಎಂ.ಎ. ಮಾಡಿದವರು ಆ ಸಂಗತಿಯನ್ನು ಊರಿನಲ್ಲಿ ಆದಷ್ಟು ಗುಟ್ಟಾಗಿಡಬೇಕು. ಡಾಕ್ಟರೆಂದು ಗೊತ್ತಾದರೆ ಜನ ಮದುವೆಮನೆಯ ಪಂಕ್ತಿಯಲ್ಲೇ ನಾಲಿಗೆ ಚಾಚಿ ತೋರಿಸುತ್ತಾರಂತೆ. ಆದರೆ ಡಾಕ್ಟರಿಗೆ ‘ನಾಳೆ ದವಾಖಾನೆಗೆ ಬನ್ನಿ’ ಎಂದು ತಪ್ಪಿಸಿಕೊಳ್ಳುವ ದಾರಿಯಿದೆ. ಕನ್ನಡ ಓದಿದವರಿಗೆ ದವಾಖಾನೆ ಇಲ್ಲ. ಉಪನಯನದ ಆಮಂತ್ರಣದ ಕರಡು, ನಿವೃತ್ತರಾಗುವ ಗುಮಾಸ್ತರ ಸನ್ಮಾನಪತ್ರ, ಶ್ರದ್ಧಾಂಜಲಿಯ ಫ್ಲೆಕ್ಸು ಎಲ್ಲವೂ ನಡೆದುಕೊಂಡು ಅವರ ಮನೆಗೇ ಬರುತ್ತವೆ. “ನಿಂಗೆ ಎರಡ್ ನಿಮಿಷದ ಕೆಲಸ” ಎನ್ನುತ್ತಾರೆ. ನಾನು ಶಿರಸಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಾತು ಕಡಿಮೆ. ಮಾತು ಕಡಿಮೆಯಿರುವವರು ಚೆನ್ನಾಗಿ ಬರೆಯುತ್ತಾರೆ ಎಂಬ ನಂಬಿಕೆ ಜನರಲ್ಲಿ ಹೇಗೋ ಬೆಳೆದುಬಿಟ್ಟಿದೆ. ಮಾತು ಕಡಿಮೆಯಿರುವವರಿಗೆ ಹೇಳುವುದಕ್ಕೇನೂ ಇಲ್ಲದಿರಬಹುದು ಎಂಬ ಸರಳ ಸಾಧ್ಯತೆ ಯಾರಿಗೂ ಹೊಳೆಯುವುದಿಲ್ಲ.

ನಮ್ಮೂರಿನ ಸೈಕಲ್ ಬಳಗಕ್ಕೆ ವಾರದ ಸುದ್ದಿ ಬರೆಯುವ ಕೆಲಸ ನನ್ನ ತಲೆಗೆ ಬಂದದ್ದೂ ಹೀಗೆಯೇ. ಬಳಗದ ಹೆಸರು ‘ಏರುದಾರಿ’. ಶಿರಸಿಯಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಒಂದು ಇಳಿಜಾರು ಸಿಕ್ಕು, ಮನಸ್ಸು ಹಗುರಾಗಿ, ಆಮೇಲೆ ಅದರ ಸಾಲ ತೀರಿಸುವ ಏರು ಬರುತ್ತದೆ. ಹೆಸರಿನಲ್ಲೇ ಇಷ್ಟು ಸ್ಪಷ್ಟವಾದ ಎಚ್ಚರಿಕೆಯಿದ್ದರೂ ಜನ ಸೇರಿದರು. ಸ್ಥಾಪಕರು ಹೆಗಡೆ ಮಾಸ್ತರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರ ಗೇರಿನ ಸೈಕಲ್ಲು ಜಗಲಿಯ ಗೋಡೆಯಲ್ಲಿ ಒಂದು ಕೊಕ್ಕೆಗೆ ನೇತುಬಿದ್ದಿರುತ್ತದೆ. ನಿಶ್ಚಲ ವಸ್ತುಗಳ ಚಿತ್ರ ಬರೆಸುತ್ತಿದ್ದವರ ಮನೆಯಲ್ಲಿ ಅದು ಅಲ್ಲೇ ಇರುವುದು ಸರಿ ಎನಿಸುತ್ತದೆ. ಅವರೇ ಒಂದು ದಿನ ಕರೆದು ಹೇಳಿದರು: “ತಂಗಿ, ನೀನು ಕನ್ನಡ ಓದಿದವ್ಳು. ಶುಕ್ರವಾರ ಶುಕ್ರವಾರ ಗ್ರೂಪಿಗೆ ನಾಕು ಸಾಲು ಬರದು ಹಾಕು. ಭಾನುವಾರ ಎಲ್ಲಿಗೆ ಹೋಪದು ಹೇಳಿ ಸುದ್ದಿ, ಮತ್ತೊಂದು ಸಲಹೆ. ಕೆಲಸ ಎಂತೂ ಇಲ್ಲೆ.”

ಕೆಲಸ ಎಂತೂ ಇಲ್ಲೆ ಎಂದವರು ಆ ಕೆಲಸವನ್ನು ಮಾಡಿರುವುದಿಲ್ಲ. ಮೊದಲ ವಾರವೇ ಕ್ರಿಯಾಪದದಲ್ಲಿ ಸಿಕ್ಕಿಬಿದ್ದೆ. ಸೈಕಲ್ ‘ಹೊಡೆಯುವುದು’ ಎಂದು ಬರೆಯಬೇಕೋ ‘ತುಳಿಯುವುದು’ ಎಂದು ಬರೆಯಬೇಕೋ? ಹೊಡೆಯುವುದು ಆಡುಮಾತು, ಆದರೆ ಬರೆದರೆ ಹಿಂಸೆಯಂತೆ ಕಾಣುತ್ತದೆ. ತುಳಿಯುವುದು ಗ್ರಾಂಥಿಕ, ಆದರೆ ಅಪಮಾನದಂತೆ ಕೇಳಿಸುತ್ತದೆ. ಶುಕ್ರವಾರದ ಸಂಜೆಯೆಲ್ಲ ಯೋಚಿಸಿ ಕೊನೆಗೆ ‘ಸವಾರಿ ಮಾಡುವುದು’ ಎಂದು ಬರೆದೆ. ಭಾನುವಾರ ಮತ್ತಿಘಟ್ಟದ ದಾರಿಯಲ್ಲಿ ಹೋದಾಗ ನಮ್ಮ ಸೀಮೆಗೆ ಸರಿಯಾದ ಕ್ರಿಯಾಪದ ಈ ಮೂರರಲ್ಲಿ ಯಾವುದೂ ಅಲ್ಲವೆಂದೂ ಅದು ‘ತಳ್ಳುವುದು’ ಎಂದೂ ತಿಳಿಯಿತು.

ಸಲಹೆಗಳ ವಿಷಯದಲ್ಲಿ ನಾನು ಇನ್ನೂ ಎಚ್ಚರದಿಂದಿದ್ದೆ. ಬಾಯಾರುವ ಮೊದಲೇ ನೀರು ಕುಡಿಯಿರಿ. ಏರು ಶುರುವಾದ ಮೇಲಲ್ಲ, ಶುರುವಾಗುವ ಮೊದಲೇ ಗೇರ್ ಇಳಿಸಿ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನೊಂದೇ ನಂಬಬೇಡಿ. ಇವನ್ನೆಲ್ಲ ಓದಿ, ತಿಳಿದವರನ್ನು ಕೇಳಿ, ನನ್ನ ಮೊಣಕಾಲಿನ ಮೇಲೆ ಪ್ರಯೋಗಿಸಿ ಬರೆಯುತ್ತಿದ್ದೆ. ‘ದಾರಿಯಲ್ಲಿ ಪಿಕ್‌ಅಪ್ ನಿಲ್ಲಿಸಿ ಸೈಕಲ್ಲನ್ನೂ ನಿಮ್ಮನ್ನೂ ಹತ್ತಿಸಿಕೊಳ್ಳಲು ಬರುವ ಪರಿಚಿತರಿಗೆ ನಯವಾಗಿ ಬೇಡವೆನ್ನಿ’ ಎಂಬುದು ನನ್ನ ಸ್ವಂತದ್ದು. ನಮ್ಮ ಕಡೆ ಗೇರಿನ ಸೈಕಲ್ಲಿನಲ್ಲಿ ಹೆಲ್ಮೆಟ್ ಹಾಕಿ ಹೋಗುವ ಹೆಣ್ಣುಮಗಳನ್ನು ಕಂಡರೆ ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಒಬ್ಬರು “ಎಂತ ತಂಗಿ, ಬಸ್ಸು ತಪ್ಪಿಹೋತ?” ಎಂದು ಮರುಗುತ್ತಾರೆ. ಇಲ್ಲ, ಬೇಕೆಂದೇ ಹೀಗೆ ಮಾಡುತ್ತಿದ್ದೇನೆ ಎಂದರೆ ಮರುಕ ಇನ್ನೂ ಹೆಚ್ಚಾಗುತ್ತದೆ.

ಆದರೆ ನಾನು ಬರೆದ ಸಲಹೆಗಳಲ್ಲೆಲ್ಲ ಬಹಳ ಮೆಚ್ಚುಗೆ ಪಡೆದದ್ದು ಒಂದೇ: ‘ಏರಿನಲ್ಲಿ ಮಾತಾಡಬೇಡಿ. ಮಾತಿಗೆ ಹೋಗುವ ಉಸಿರು ಕಾಲಿಗೆ ಹೋಗಲಿ.’ ಇದಕ್ಕೆ ಬಂದಷ್ಟು ಹೆಬ್ಬೆರಳುಗಳು ಬೇರೆ ಯಾವುದಕ್ಕೂ ಬರಲಿಲ್ಲ. ಹೆಗಡೆ ಮಾಸ್ತರು ಇದನ್ನು ಹೆಂಡತಿಗೆ ಓದಿ ಹೇಳಿದರಂತೆ. “ನಿಮಗೆ ಇದು ಸಪಾಟು ರಸ್ತೆಲೂ ಬೇಕಾಗಿತ್ತು” ಎಂದರಂತೆ ಅವರು. ಈ ಸಲಹೆಯನ್ನು ಮಾತ್ರ ನಾನು ಎಲ್ಲಿಯೂ ಓದಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಅದು ನನ್ನ ಸ್ವಭಾವದಿಂದ ನೇರವಾಗಿ ಇಳಿದು ಬಂದದ್ದು.

ಇನ್ನು ಬಳಗದವರ ಉತ್ತರದ ವಿಷಯ. ಶುಕ್ರವಾರ ಸಂಜೆ ನಾನು ಸುದ್ದಿ ಹಾಕಿದ ಕೂಡಲೇ ಕೆಳಗೆ ಸಾಲಾಗಿ ಉತ್ತರ ಬೀಳುತ್ತದೆ, ‘ಬರುತ್ತೇನೆ’ ಎಂಬುದರ ನಮ್ಮ ಸೀಮೆಯ ರೂಪದಲ್ಲಿ. ಬರ್ತೆ. ಬರ್ತೆ. ಬರ್ತೆ. ಸಿದ್ದಾಪುರದಿಂದ ಒಬ್ಬರು, ಸೈಕಲ್ಲು ಶಿರಸಿಯ ತಮ್ಮನ ಮನೆಯಲ್ಲಿದೆ ಎನ್ನುವವರು, ಎಲ್ಲರಿಗಿಂತ ಮೊದಲು ‘ಬರ್ತೆ’ ಎನ್ನುತ್ತಾರೆ. ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಮೊದಮೊದಲು ಈ ಬರ್ತೆಗಳನ್ನೆಲ್ಲ ನಂಬಿ, ಯಲ್ಲಾಪುರ ನಾಕಾದಲ್ಲಿ ಬೆಳಗಿನ ಮಂಜಿನಲ್ಲಿ ನಿಂತು, ಬರುವ ಹಾಲಿನ ಗಾಡಿಗಳನ್ನೆಲ್ಲ ಸೈಕಲ್ಲೆಂದು ಭ್ರಮಿಸಿದ್ದೇನೆ. ನಿಧಾನವಾಗಿ ಬುದ್ಧಿ ಬಂತು. ನಮ್ಮ ಸೀಮೆಯಲ್ಲಿ ಯಾರೂ ಯಾರಿಗೂ ‘ಬರುವುದಿಲ್ಲ’ ಎನ್ನುವುದಿಲ್ಲ. ಕರೆದವರಿಗೆ ಬೇಜಾರಾಗಬಾರದು. ಆದ್ದರಿಂದ ಬರುವವರೂ ಬರ್ತೆ ಎನ್ನುತ್ತಾರೆ, ಬಾರದವರೂ ಬರ್ತೆ ಎನ್ನುತ್ತಾರೆ. ಸಾಲದ್ದಕ್ಕೆ ಕನ್ನಡದಲ್ಲಿ ಭವಿಷ್ಯತ್ಕಾಲಕ್ಕೆ ಬೇರೆ ರೂಪವಿದ್ದರೂ ಅದನ್ನು ಯಾರೂ ಬಳಸುವುದಿಲ್ಲ. ತರಗತಿಯಲ್ಲಿ ‘ಬರುವೆನು’ ಎಂದು ಬೋರ್ಡಿನ ಮೇಲೆ ಬರೆದಾಗಲೆಲ್ಲ ನನಗೆ ಖಾಲಿ ನಾಕಾ ನೆನಪಾಗುತ್ತದೆ. ನಮ್ಮೂರಿಗೆ ವರ್ತಮಾನವಿದೆ, ಭವಿಷ್ಯತ್ತಿಲ್ಲ ಎಂದು ಮಕ್ಕಳಿಗೆ ಒಮ್ಮೆ ಹೇಳಿದೆ. ಅವರು ಅದನ್ನು ನೋಟ್ಸೆಂದು ತಿಳಿದು ಬರೆದುಕೊಂಡರು.

ಇಷ್ಟೊಂದು ಬರ್ತೆಗಳ ನಡುವೆ ನಿಜವಾಗಿ ಬರುತ್ತಿದ್ದ ಬರ್ತೆ ಒಂದೇ ಇತ್ತು. ಅದು ಶಾಹಿನಾಳದ್ದು. ಶಾಹಿನಾಳ ತಂದೆಗೆ ಲಾರಿ ವ್ಯವಹಾರ. ಅವಳು ಓದು ಮುಗಿಸಿ ಅವರ ಬುಕಿಂಗ್ ಆಫೀಸು ನೋಡಿಕೊಳ್ಳುತ್ತಿದ್ದಳು. ಚಾಲಕರಿಗೆ ಫೋನಿನಲ್ಲಿ ಬೈದು ಬೈದು ಅವಳ ಧ್ವನಿ ಸ್ವಲ್ಪ ಒಡೆದಿತ್ತು. ನನಗಿಂತ ಚಿಕ್ಕವಳು, ನನ್ನನ್ನು ‘ಅಕ್ಕಾ’ ಎನ್ನುತ್ತಿದ್ದಳು, ಬಹುವಚನದಲ್ಲಿ. ನಾನೂ ಅವಳಿಗೆ ‘ನೀವು’ ಎನ್ನುತ್ತಿದ್ದೆ. ಎರಡು ಮಳೆಗಾಲ ಒಟ್ಟಿಗೆ ಸೈಕಲ್ ತುಳಿದರೂ ಆ ‘ನೀವು’ ಕರಗಿರಲಿಲ್ಲ. ಅವಳು ಬಂದಾಗ ಬಂದೆ ಎನ್ನುತ್ತಿರಲಿಲ್ಲ, ಬೆಲ್ಲು ಹೊಡೆಯುತ್ತಿದ್ದಳು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದೆ. ಹೊರಡುತ್ತಿದ್ದೆವು. ನಾನು ಅವಳ ಮನೆಯ ವಿಷಯ ಕೇಳುತ್ತಿರಲಿಲ್ಲ, ಅವಳು ನನ್ನ ಮನೆಯ ವಿಷಯ ಕೇಳುತ್ತಿರಲಿಲ್ಲ. ಇದನ್ನು ನಾನು ಬಹಳ ಉನ್ನತ ಮಟ್ಟದ ಸ್ನೇಹವೆಂದು ತಿಳಿದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಶಾಹಿನಾ ಬರುವುದು ನನಗೆ ಎಷ್ಟು ಮುಖ್ಯವಾಗಿತ್ತೆಂದರೆ, ಅವಳು ಬಾರದಿದ್ದರೆ ನಾನೂ ಇಲ್ಲ. ಅಮ್ಮನ ಷರತ್ತು ಹಾಗಿತ್ತು. ನಾನು ಸೈಕಲ್ಲು ಕೊಂಡು ತಂದ ದಿನವೇ ಅಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಸೀಟನ್ನು ಬೆರಳಿನಿಂದ ಒತ್ತಿ ನೋಡಿ, “ಇದ್ರ ಮೇಲೆ ಕೂಪದು ಹ್ಯಾಂಗೆ? ಇರ್ಲಿ. ಆದ್ರೆ ಒಬ್ಳೇ ಹೋಪಲಿಲ್ಲೆ ಕೂಸೇ. ಇನ್ನೊಂದು ಹೆಣ್ಣು ಜೊತಿಗಿದ್ರೆ ಮಾತ್ರ” ಎಂದಿದ್ದಳು. ಬಳಗದಲ್ಲಿ ಇನ್ನೊಂದು ಹೆಣ್ಣೆಂದರೆ ಶಾಹಿನಾ ಒಬ್ಬಳೇ. ಕಾಲೇಜಿನಲ್ಲಿ ನೂರಾರು ಮಕ್ಕಳ ಮೇಲೆ ಅಧಿಕಾರ ನಡೆಸುವ ನಾನು ಭಾನುವಾರ ಬೆಳಿಗ್ಗೆ ಅಮ್ಮನ ಮುಂದೆ ನಿಂತು “ಶಾಹಿನಾ ಬರ್ತೆ ಹೇಳಿದ್ದು” ಎಂದು ವರದಿ ಒಪ್ಪಿಸಬೇಕಿತ್ತು. ಅಮ್ಮ “ಅಡ್ಡಿಲ್ಲೆ” ಎಂದರೆ ಬಾಗಿಲು ತೆರೆದಂತೆ. ವಾರದಲ್ಲಿ ನಾನು ಮೋಡ ಕವಿದ ಮುಖ ಇಟ್ಟುಕೊಳ್ಳದೆ ಇರುತ್ತಿದ್ದುದು ಆ ಕೆಲವು ತಾಸು ಮಾತ್ರ. ಅದು ತಪ್ಪಿದರೆ ಉಳಿಯುವುದು ಉತ್ತರಪತ್ರಿಕೆಗಳು, ಫ್ಲೆಕ್ಸುಗಳು, ಮತ್ತು ಎರಡು ನಿಮಿಷದ ಕೆಲಸಗಳು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ದೊಡ್ಮನೆಯ ಕಡೆ ಹೋಗಿದ್ದೆವು. ಒಂದು ಉದ್ದನೆಯ ಏರಿನಲ್ಲಿ ಶಾಹಿನಾ ನನ್ನ ಪಕ್ಕಕ್ಕೆ ಬಂದು, “ಅಕ್ಕಾ, ಒಂದ್ ಮಾತು...” ಎಂದಳು. ನಾನು ಮುಂದೆ ನೋಡುತ್ತಲೇ ಬೆರಳು ತುಟಿಯ ಮೇಲಿಟ್ಟು ನಕ್ಕೆ. ನನ್ನ ಪ್ರಸಿದ್ಧ ಸಲಹೆಯನ್ನು ನೆನಪಿಸಿದ್ದು ಅಷ್ಟೆ. ಅವಳೂ ನಕ್ಕಳು. ಇಳಿಜಾರಿನಲ್ಲಿ ಹಿಂದಿನಿಂದ ಏನೋ ಕೂಗಿದಳು. ಗಾಳಿಯಲ್ಲಿ ‘ಅಂಗಡಿ’ ಎಂದಷ್ಟೇ ಕೇಳಿಸಿತು. ಚಹಾದಂಗಡಿ ಎಂದುಕೊಂಡೆ. ಮುಂದಿನ ಚಹಾದಂಗಡಿಯಲ್ಲಿ ನಿಲ್ಲಿಸಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಚಹಾ ಕುಡಿದಳು.

ಆ ವಾರದ ಶುಕ್ರವಾರ ಎಂದಿನಂತೆ ಸುದ್ದಿ ಬರೆದೆ. ಭೈರುಂಬೆಯ ದಾರಿಯಲ್ಲಿ ಸಹಸ್ರಲಿಂಗದವರೆಗೆ ಸವಾರಿ. ಸಲಹೆ, ಮಂಜಿರುವುದರಿಂದ ಹಿಂದೆ ಕೆಂಪು ದೀಪ ಕಡ್ಡಾಯ. ಬರ್ತೆಗಳು ಬಿದ್ದವು. ಸಿದ್ದಾಪುರದವರದ್ದು ಮೊದಲು. ಕೊನೆಗೆ ಶಾಹಿನಾಳದ್ದು: ‘ಎಲ್ಲರಿಗೂ ಸಲಾಂ. ಬರ್ತೆ.’ ಪಕ್ಕದಲ್ಲಿ ಜೋಡಿಸಿದ ಎರಡು ಕೈ. ಇಷ್ಟು ಸಭ್ಯವಾದ ಬರ್ತೆಯನ್ನು ನಾನು ಈವರೆಗೆ ನೋಡಿರಲಿಲ್ಲ. ಈಗಿನ ಕಾಲದಲ್ಲಿ ಒಂದು ಸವಾರಿಗೆ ಬರುವುದಕ್ಕೂ ಕೈಮುಗಿಯುವವರು ಎಲ್ಲಿ ಸಿಗುತ್ತಾರೆ ಎಂದು ಮೆಚ್ಚಿಕೊಂಡೆ. ಅದರ ಕೆಳಗೆ ಹೆಗಡೆ ಮಾಸ್ತರು ‘ಹೋಗಿ ಬಾ ತಂಗಿ’ ಎಂದು ಹಾಕಿದ್ದರು. ಅದೂ ಸರಿಯಾಗಿತ್ತು. ತಾವು ಬರುವವರಲ್ಲ, ಬರುವವಳಿಗೆ ಹೋಗಿ ಬಾ ಎನ್ನುತ್ತಿದ್ದಾರೆ.

ಭಾನುವಾರ ಬೆಳಿಗ್ಗೆ ಹೊರಟಾಗ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. “ಇವತ್ತೂ ಹೊಂಟ್ಯೆ?”

“ಶಾಹಿನಾ ಬರ್ತೆ ಹೇಳಿದ್ದು.”

“ಹೌದು, ಎಂಗೂ ಹೇಳಿದ್ದು” ಎಂದಳು ಅಮ್ಮ. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಎರಡು ಉಂಡೆ ಹೆಚ್ಚಿಗೆ ಕಟ್ಟಿಕೊಟ್ಟಳು. ಶಾಹಿನಾ ಅಮ್ಮನಿಗೆ ಯಾವಾಗ ಹೇಳಿದಳು ಎಂಬ ಪ್ರಶ್ನೆ ನನ್ನ ಮನಸ್ಸಿಗೆ ಬಂತು. ಆದರೆ ಪ್ರಶ್ನೆ ಬಂದ ಮಾತ್ರಕ್ಕೆ ಕೇಳುವ ಜಾತಿಯವಳಲ್ಲ ನಾನು.

ನಾಕಾದಲ್ಲಿ ಯಾರೂ ಇರಲಿಲ್ಲ. ಅದರಲ್ಲೇನೂ ವಿಶೇಷವಿರಲಿಲ್ಲ. ಮಂಜು ಎಷ್ಟಿತ್ತೆಂದರೆ ರಸ್ತೆಯ ಆಚೆ ಬದಿಯ ಅಂಗಡಿಗಳ ಬೋರ್ಡುಗಳು ಅಕ್ಷರ ಕಳೆದುಕೊಂಡು ಬರೀ ಬಣ್ಣಗಳಾಗಿದ್ದವು. ಯಲ್ಲಾಪುರದ ಕಡೆಗೆ ಒಂದು ಬಸ್ಸು ಹೋಯಿತು. ಒಂದು ನಾಯಿ ಬಂದು ನನ್ನ ಮುಂದಿನ ಚಕ್ರವನ್ನು ಪರೀಕ್ಷಿಸಿ, ಸಮಾಧಾನವಾಗದೆ ಹೋಯಿತು. ನಾನು ಗಾಳಿಯ ಒತ್ತಡ ನೋಡಿದೆ, ಚೈನು ನೋಡಿದೆ, ದೀಪ ಹಾಕಿ ಆರಿಸಿದೆ. ಬೆಲ್ಲಿನ ಸದ್ದು ಬರಲಿಲ್ಲ. ಶಾಹಿನಾಳ ಬರ್ತೆ ಸುಳ್ಳಾಗುವುದೆಂದರೆ ರೂಪಾಯಿ ನೋಟು ಖೋಟಾ ಎಂದು ತಿಳಿದಂತೆ. ಒಂದು ನೋಟಿನ ಮೇಲಲ್ಲ, ಎಲ್ಲ ನೋಟುಗಳ ಮೇಲೂ ಅನುಮಾನ ಹುಟ್ಟುತ್ತದೆ. ಬಿದ್ದಳೇನೋ ಎಂದೂ ಅನ್ನಿಸಿತು. ಫೋನ್ ಮಾಡಬಹುದಿತ್ತು. ಆದರೆ ನಾವು ಫೋನ್ ಮಾಡಿ ಮಾತಾಡುವವರಲ್ಲವಲ್ಲ. ನಮ್ಮದು ಉನ್ನತ ಮಟ್ಟದ ಸ್ನೇಹ.

ಅಷ್ಟರಲ್ಲಿ ಮಂಜಿನಿಂದ ಒಂದು ಆಕೃತಿ ಬಂತು. ಹೆಗಡೆ ಮಾಸ್ತರು, ಸ್ಕೂಟರಿನಲ್ಲಿ. ಕಿವಿಗೆ ಮಫ್ಲರು, ಹ್ಯಾಂಡಲ್ಲಿಗೆ ಬನ್ಸಿನ ಪೊಟ್ಟಣ.

“ಓ! ನೀನೊಬ್ಳೇ ನಿಂತಿದ್ಯಲೇ ತಂಗಿ? ಯಾರೂ ಬೈಂದ್ವಿಲ್ಯ?”

“ಶಾಹಿನಾ ಬರ್ತಾರೆ” ಎಂದೆ.

ಮಾಸ್ತರು ಸ್ಕೂಟರನ್ನು ಆರಿಸಿದರು. “ಎಲ್ಲಿಂದ ಬಪ್ಪದು? ಶಾಹಿನಾ ನಿನ್ನೆ ಯಲ್ಲಾಪುರಕ್ಕೆ ಹೋತಲೇ. ಮನೆ ಸಾಮಾನೆಲ್ಲ ಲಾರಿ ಮೇಲೆ ಹೋತು, ಆನೇ ಕಣ್ಣಾರೆ ನೋಡಿದ್ದು. ಸೈಕಲ್ಲು ಎಲ್ಲದ್ರ ಮೇಲೆ ಕಟ್ಟಿತ್ತು. ನಿಂಗೆ ಗೊತ್ತಿಲ್ಯ?”

“ಶುಕ್ರವಾರ ಗ್ರೂಪಿನಲ್ಲಿ ಬರ್ತೆ ಅಂದಿದ್ದರಲ್ಲ?”

“ಅದೇಯ” ಎಂದರು ಮಾಸ್ತರು. “ಬರ್ತೆ ಹೇಳಿತು. ಆನು ಹೋಗಿ ಬಾ ಹೇಳಿದೆ.”

ಹೇಳಿದ ಮೇಲೆ ಅವರಿಗೂ ವಿಷಯ ಅರ್ಥವಾಯಿತು. ನಕ್ಕುಬಿಟ್ಟರೆ ನನಗೆ ಅನುಕೂಲವಾಗುತ್ತಿತ್ತು. ಅವರು ನಗಲಿಲ್ಲ. ಪೊಟ್ಟಣ ಬಿಚ್ಚಿ, “ಒಂದು ಬನ್ಸ್ ತಿನ್ನು. ಬಿಸಿ ಇದ್ದು” ಎಂದರು. ಮಂಜಿನಲ್ಲಿ ನಿಂತು ತಿಂದೆ. ಬನ್ಸ್ ಚೆನ್ನಾಗಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಹೊರಡುವವರು ಹೊರಟೆ ಎನ್ನಬಾರದು, ಹೋಗ್ತೆ ಎನ್ನಬಾರದು, ‘ಬರ್ತೆ’ ಎನ್ನಬೇಕು. ಇದು ನನಗೆ ನಡೆಯಲು ಬಂದಾಗಿನಿಂದ ಗೊತ್ತು. ಚಿಕ್ಕವಳಿದ್ದಾಗ ಶಾಲೆಗೆ ಹೊರಟು ಬಾಯಿತಪ್ಪಿ “ಹೋಗ್ತೆ ಅಮ್ಮಾ” ಎಂದರೆ ಅಮ್ಮ ಒಳಗೆ ಕರೆದು, ಒಂದು ಮಣೆಯ ಮೇಲೆ ಕೂರಿಸಿ, ಎಬ್ಬಿಸಿ, “ಬರ್ತೆ ಹೇಳು” ಎಂದು ಹೇಳಿಸಿ ಕಳಿಸುತ್ತಿದ್ದಳು. ಹೋಗುವುದೆಂದರೆ ತಿರುಗಿ ಬಾರದಂತೆ ಹೋಗುವುದು. ಆ ಮಾತನ್ನು ಹೊಸ್ತಿಲಿನ ಮೇಲೆ ಆಡುವಂತಿಲ್ಲ. ಜಾತಿ ಯಾವುದೇ ಇರಲಿ, ಮನೆಮಾತು ಯಾವುದೇ ಇರಲಿ, ನಮ್ಮೂರಿನಲ್ಲಿ ಹೊರಡುವವರಿಗೆಲ್ಲ ಇದೇ ಕ್ರಿಯಾಪದ. ನನಗೆ ಇದು ಗೊತ್ತಿತ್ತು. ನಾನು ಮರೆತದ್ದು ಇಷ್ಟೆ: ಒಂದೇ ಮಾತಿನಲ್ಲಿ ಬರುವವರೂ ಬಾರದವರೂ ಇರುವುದನ್ನು ಕಂಡುಹಿಡಿದು ಬೀಗುವಾಗ, ಅದೇ ಮಾತಿನಲ್ಲಿ ಹೋಗುವವರೂ ಇದ್ದಾರೆ ಎಂಬುದು.

ಸಹಸ್ರಲಿಂಗದ ಕಡೆಗೆ ಹೋಗಲಿಲ್ಲ. ಮನೆಗೂ ಹೋಗಲಿಲ್ಲ. ಊರೊಳಗೇ ಸುತ್ತಿ, ಅಮ್ಮನಿಗೆ ಅನುಮಾನ ಬಾರದಷ್ಟು ಹೊತ್ತಾದ ಮೇಲೆ ಮರಳಿದೆ. ಮಧ್ಯಾಹ್ನ ಕೂತು ಶಾಹಿನಾಳಿಗೆ ಸಂದೇಶ ಬರೆದೆ. ಮೊದಲ ಕರಡು ಉದ್ದವಾಯಿತು. ಎರಡನೆಯದರಲ್ಲಿ ಆರೋಪದ ಧ್ವನಿ ಬಂತು. ಮೂರನೆಯದು ಸನ್ಮಾನಪತ್ರದಂತಾಯಿತು, ‘ತಾವು ಬಳಗಕ್ಕೆ ಸಲ್ಲಿಸಿದ ಸೇವೆ’ ಎಂಬ ಮಾತು ಎಲ್ಲಿಂದಲೋ ನುಸುಳಿತ್ತು. ಕೊನೆಗೆ ‘ನೀವು ಬರ್ತೆ ಎಂದಿದ್ದಿರಿ’ ಎಂದಷ್ಟೇ ಕಳಿಸಿದೆ. ಕಳಿಸಿದ ಕೂಡಲೇ ಫೋನ್ ಬಂತು. ಹಿಂದಿನಿಂದ ಗಾಳಿ ತುಂಬುವ ಯಂತ್ರದ ಸದ್ದು, ಯಾರೋ ಕಬ್ಬಿಣ ಬಡಿಯುವ ಸದ್ದು.

“ಅಕ್ಕಾ, ಎಂತಾಯ್ತು? ನೀವು ನಾಕಾದಲ್ಲಿ ನಿಂತಿದ್ರಾ?”

“ಸ್ವಲ್ಪ ಹೊತ್ತು” ಎಂದೆ.

“ಯಾ ಅಲ್ಲಾ! ನಾ ಬರ್ತೆ ಅಂದದ್ದು ಹೋಗೂಕೆ ಅಕ್ಕಾ!”

“ಹೋಗೂಕೆ ಆದರೆ ಹೋಗ್ತೆ ಎನ್ನಬಹುದಿತ್ತಲ್ಲ” ಎಂದೆ. ನನ್ನ ಧ್ವನಿ ತರಗತಿಯಲ್ಲಿ ತಪ್ಪು ತಿದ್ದುವ ಧ್ವನಿಯಂತಿತ್ತು. ಬೇರೆ ಧ್ವನಿ ಆ ಹೊತ್ತಿಗೆ ಕೈಗೆ ಸಿಗಲಿಲ್ಲ.

“ಹೋಗ್ತೆ ಅನ್ನೂಕೆ ಆಗ್ತದಾ? ಅಮ್ಮೀ ಕೇಳಿದ್ರೆ ಹೊಡೀತಾಳೆ. ನೀವು ಕನ್ನಡ ಎಂ.ಎ. ಅಲ್ವಾ ಅಕ್ಕಾ?”

ಎಂ.ಎ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಅವಳೇ ಮುಂದುವರಿಸಿದಳು. ಯಲ್ಲಾಪುರದಲ್ಲಿ ಅಣ್ಣ ಲಾರಿ ಟೈರುಗಳ ಅಂಗಡಿ ಹಾಕಿದ್ದಾನೆ. ತಂದೆ ಇಲ್ಲಿಯ ವ್ಯವಹಾರ ಮುಚ್ಚಿ ಎಲ್ಲರನ್ನೂ ಅಲ್ಲಿಗೆ ಕರೆದೊಯ್ದಿದ್ದಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಈಗ ಇವಳು.

“ನನಗೆ ಹೇಳಲಿಲ್ಲ ನೀವು.”

“ಯಾವಾಗ ಹೇಳೂದು? ದೊಡ್ಮನೆ ಏರಲ್ಲಿ ಹೇಳೂಕೆ ಬಂದೆ. ನೀವು ಬಾಯಿ ಮೇಲೆ ಬೆರಳು ಇಟ್ರಿ. ಏರಲ್ಲಿ ಮಾತಾಡಬೇಡಿ ಅಂತ ನೀವೇ ಬರ್ದದ್ದು. ಇಳಿಜಾರಲ್ಲಿ ಕೂಗಿದೆ, ನೀವು ಚಾ ಕುಡಿಸಿದ್ರಿ. ನಮ್ಮೂರಲ್ಲಿ ಏರು ಮತ್ತೆ ಇಳಿಜಾರು ಬಿಟ್ರೆ ಬೇರೆ ರಸ್ತೆ ಎಲ್ಲುಂಟು ಅಕ್ಕಾ ಮಾತಾಡೂಕೆ?”

ನಾನು ಏನೋ ಹೇಳಬೇಕಿತ್ತು. ಯಲ್ಲಾಪುರವೇನು ದೂರವಲ್ಲ ಎಂದೆ. ಅರ್ಧ ದಾರಿಗೆ ನೀವು ಬನ್ನಿ, ಅರ್ಧ ದಾರಿಗೆ ನಾನು ಬರುತ್ತೇನೆ ಎಂದೂ ಎಂದೆ. ನನ್ನ ಬಾಯಿಂದ ಬಂದದ್ದರಲ್ಲಿ ಇದು ಬಹಳ ದೊಡ್ಡ ಮಾತು. “ಭಾನ್ವಾರ ಅಂಗಡಿಗೆ ಗಿರಾಕಿ ಜಾಸ್ತಿ ಅಕ್ಕಾ. ನಮ್ದು ಶುಕ್ರವಾರ ರಜೆ.” ನನಗೆ ಶುಕ್ರವಾರ ಬೆಳಗಿನಿಂದ ಸಂಜೆವರೆಗೆ ತರಗತಿ. ಇಬ್ಬರೂ ಮನಸ್ಸಿನಲ್ಲೇ ವಾರವನ್ನು ಒಮ್ಮೆ ತಿರುಗಿಸಿ ನೋಡಿದೆವು. ಎಲ್ಲಿಯೂ ಬಾಗಿಲಿರಲಿಲ್ಲ. ಯಾರೋ ಅವಳನ್ನು ಕರೆದರು. “ಗಿರಾಕಿ ಬಂದ್ರು. ಇಡ್ತೆ ಅಕ್ಕಾ” ಎಂದಳು. “ಆಯ್ತು. ನೀನು ಹುಷಾರಾಗಿರು” ಎಂದೆ. ಎರಡು ಮಳೆಗಾಲ ಕಾದು ಬಂದ ಆ ‘ನೀನು’ ಅವಳಿಗೆ ಕೇಳಿಸಿರಲಿಕ್ಕಿಲ್ಲ, ಅಷ್ಟರಲ್ಲಿ ಇಟ್ಟಿದ್ದಳು. ಫೋನಿಗೆ ಮಾತ್ರ ನಮ್ಮಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಕ್ರಿಯಾಪದವಿದೆ. ಇಡ್ತೆ ಎಂದರೆ ಇಟ್ಟೇ ಬಿಡುತ್ತಾರೆ.

ಮುಂದಿನ ಶುಕ್ರವಾರ ಸುದ್ದಿ ಬರೆಯಲು ಕೂತಾಗ ಮನಸ್ಸಿರಲಿಲ್ಲ. ನನ್ನ ಆ ಪ್ರಸಿದ್ಧ ಸಲಹೆ ಎಷ್ಟು ಸರಿ ಎಂದು ಆವತ್ತು ಮೊದಲ ಬಾರಿಗೆ ಹುಡುಕಿ ಓದಿದೆ. ತಿಳಿದವರು ಹೇಳುವುದು ನೇರ ತಿರುಗುಮುರುಗಾಗಿತ್ತು. ಏರಿನಲ್ಲಿ ಪಕ್ಕದವರೊಡನೆ ಒಂದೆರಡು ವಾಕ್ಯ ಮಾತಾಡಲು ಆಗುವಷ್ಟು ಉಸಿರು ಉಳಿದಿರಬೇಕಂತೆ. ಮಾತು ಹೊರಡುವುದೇ ಇಲ್ಲವೆಂದರೆ ಅಷ್ಟು ಅವಸರ ಒಳ್ಳೆಯದಲ್ಲ, ಗೇರ್ ಇಳಿಸಿ ನಿಧಾನಿಸಬೇಕಂತೆ. ಅಂದರೆ ಇಷ್ಟು ದಿನ ನಾನು ಒಂದು ಬಳಗದಿಂದಲೇ ಮೌನವಾಗಿ ಏದುಸಿರು ಬಿಡಿಸಿದ್ದೆ. ‘ತಿದ್ದುಪಡಿ’ ಎಂದು ತಲೆಬರಹ ಕೊಟ್ಟು ಬರೆದೆ: ‘ಏರಿನಲ್ಲಿ ಮಾತಾಡಬಹುದು. ಮಾತಾಡಬೇಕು. ಮಾತು ಬಾರದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿಯಿರಿ.’ ಇದಕ್ಕೆ ಒಂದೂ ಹೆಬ್ಬೆರಳು ಬರಲಿಲ್ಲ. ಸಿದ್ದಾಪುರದವರು ಮಾತ್ರ ‘ಬರ್ತೆ’ ಎಂದರು.

ಭಾನುವಾರ ಬೆಳಿಗ್ಗೆ ಎಚ್ಚರವಾಯಿತು. ಏಳದೆ ಇರಲು ಕಾರಣಗಳೆಲ್ಲ ಇದ್ದವು. ಆದರೆ ಮಲಗಿಕೊಂಡು ಯೋಚಿಸಿದಾಗ ನನ್ನ ವ್ಯಾಕರಣದ ತಲೆಗೆ ಒಂದು ಸೂಕ್ಷ್ಮ ಹೊಳೆಯಿತು. ‘ಶಾಹಿನಾ ಬರ್ತೆ ಹೇಳಿದ್ದು’ ಎಂಬುದರಲ್ಲಿ ಸುಳ್ಳೇನಿದೆ? ಹೇಳಿದ್ದು ನಿಜ. ಗ್ರೂಪಿನಲ್ಲಿ ಸಾಕ್ಷಿಯಿದೆ. ಯಾವ ಅರ್ಥದಲ್ಲಿ ಹೇಳಿದಳು ಎಂದು ಅಮ್ಮ ಕೇಳಿದರೆ ಉತ್ತರಿಸೋಣ. ಕೇಳದಿದ್ದರೆ ಅದು ಕೇಳದವರ ಜವಾಬ್ದಾರಿ. ಒಂದು ಪದವಿ ಜೀವನದಲ್ಲಿ ಒಮ್ಮೆಯಾದರೂ ಉಪಯೋಗಕ್ಕೆ ಬರಬೇಕಲ್ಲ. ಹೆಲ್ಮೆಟ್ ಹಾಕಿ, ಸೈಕಲ್ಲು ಹೊರಗಿಟ್ಟು, ಅಮ್ಮನ ಮುಂದೆ ನಿಂತು, ಮುಖ ಅಲುಗಿಸದೆ ಹೇಳಿದೆ:

“ಶಾಹಿನಾ ಬರ್ತೆ ಹೇಳಿದ್ದು.”

ಅಮ್ಮ ಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಲಿಲ್ಲ. “ಸುಳ್ಳು ಹೇಳಲೆ ವ್ಯಾಕರಣ ಕಲ್ತದ್ದನೇ ಕೂಸೇ?”

ನಾನು ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿದೆ.

“ಶಾಹಿನಾ ಹೋಪ ಮೊದ್ಲು ಮನಿಗೆ ಬಂದಿತ್ತು. ನೀನು ಕಾಲೇಜಲ್ಲಿದ್ದೆ. ಚಾ ಕುಡ್ದು, ನನ್ನ ಕೈ ಹಿಡ್ಕಂಡು, ‘ಬರ್ತೆ ಅಮ್ಮಾ, ಅಕ್ಕಂಗೆ ಹೇಳಿ’ ಹೇಳಿಕ್ಕೆ ಹೋತು. ನಿಂಗೆ ಎಂತ ಹೇಳದು, ವಾರವಾರ ಒಟ್ಟಿಗೆ ಹೋಗ್ತ್ರಲಿ, ಗೊತ್ತಿರ್ತು ತಿಳ್ಕಂಡಿದ್ದೆ. ಆವತ್ತು ನೀನು ಶಾಹಿನಾ ಬರ್ತೆ ಹೇಳಿದ್ದು ಅಂದಾಗ, ಪಾಪ, ಕೂಸು ಬೇಜಾರಕ್ಕೆ ಹಾಂಗೆ ಹೇಳ್ತು ತಿಳ್ಕಂಡೆ.”

“ಮತ್ತೆ ಒಬ್ಬಳೇ ಹೋಗಬೇಡ ಅನ್ನಲಿಲ್ಲ?”

ಅಮ್ಮ ತುರಿದ ಕಾಯಿಯನ್ನು ಬದಿಗೆ ಸರಿಸಿದಳು. “ಒಬ್ಳೇ ಹೋಪಲಿಲ್ಲೆ ಹೇಳಿದ್ದು ದಾರಿಗೆ ಹೆದ್ರಿ ಅಲ್ದೇ. ಈ ಊರಿನ ದಾರಿಲಿ ಎಂತ ಇದ್ದು? ಹತ್ತು ಜನ ಬಸ್ಸು ತಪ್ಪಿತ ಕೇಳ್ತ. ವಾರಕ್ಕೊಂದ್ಸಲ ಆದ್ರೂ ನಿನ್ನ ಸಂಗ್ತಿಗೆ ಒಂದು ಜನ ಇರ್ಲಿ, ಎರಡು ಮಾತಾಡ್ಲಿ ಹೇಳಿ ಇಟ್ಟದ್ದು ಅದು.”

ಎರಡು ಮಳೆಗಾಲದಲ್ಲಿ ನಾವು ಎಷ್ಟು ಮಾತಾಡಿದೆವು ಎಂಬುದನ್ನು ಅಮ್ಮನಿಗೆ ಹೇಳಲಿಲ್ಲ. ಕೆಲವು ಸತ್ಯಗಳನ್ನು ಕೇಳದವರಿಗೆ ಹೇಳಬಾರದು.

“ಹೋಗಿ ಬಾ. ಮಂಜು ಇದ್ದು, ಕೆಂಪು ದೀಪ ಹಾಕ್ಯ” ಎಂದಳು ಅಮ್ಮ. ನನ್ನ ಸಲಹೆಗಳನ್ನು ಅವಳು ಓದುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಹೊಸ್ತಿಲಿನಲ್ಲಿ ತಿರುಗಿ “ಬರ್ತೆ” ಎಂದೆ. ಎಷ್ಟೋ ವರ್ಷದ ಮೇಲೆ ಆ ಮಾತನ್ನು ಹೋಗುವ ಮತ್ತು ಮರಳಿ ಬರುವ ಎರಡೂ ಅರ್ಥಗಳೊಂದಿಗೆ ಆಡಿದಂತಾಯಿತು.

ನಾಕಾದಲ್ಲಿ ನಿಲ್ಲಲಿಲ್ಲ. ಯಲ್ಲಾಪುರದ ರಸ್ತೆಯಲ್ಲೇ ಹೋದೆ. ಭೈರುಂಬೆಗೆ ಮೊದಲಿನ ಉದ್ದನೆಯ ಏರಿನ ಬುಡದಲ್ಲಿ ಗೇರ್ ಇಳಿಸಿದೆ. ಪ್ರಯೋಗಿಸಿ ನೋಡದ ಸಲಹೆಯನ್ನು ಇನ್ನು ಮುಂದೆ ಬರೆಯಬಾರದೆಂದು ನಿಶ್ಚಯಿಸಿಕೊಂಡಿದ್ದೆನಾದ್ದರಿಂದ, ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಪಕ್ಕದ ಖಾಲಿ ರಸ್ತೆಯ ಕಡೆಗೆ ತಿರುಗಿ, “ಹೇಳು, ಒಂದ್ ಮಾತು ಅಂದೆಯಲ್ಲ, ಏನದು?” ಎಂದು ಕೇಳಿದೆ. ಏರಿನ ತುದಿಯವರೆಗೂ ಹೀಗೇ ಮಾತಾಡಿಕೊಂಡು ಹೋದೆ. ಮೇಲೆ ತಲುಪಿದಾಗ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ಬಹಳ ಮರುಕದಿಂದ ನೋಡಿದರು. ಬಸ್ಸು ತಪ್ಪಿತೇ ಎಂದು ಮಾತ್ರ ಕೇಳಲಿಲ್ಲ. ಇನ್ನೂ ಹೆಚ್ಚಿನದೇನೋ ತಪ್ಪಿದೆ ಎಂದು ಅವರಿಗೆ ಅನ್ನಿಸಿರಬೇಕು. ಬಳಗದವರ ಮಾಹಿತಿಗಾಗಿ ತಿಳಿಸುತ್ತೇನೆ: ತಿಳಿದವರು ಹೇಳಿದ್ದು ಸರಿಯಾಗಿದೆ. ಏರಿನಲ್ಲಿ ಮಾತಾಡಿದರೆ ಉಸಿರಿಗೆ ಏನೂ ಕೊರತೆಯಾಗುವುದಿಲ್ಲ.